ಮೊಂಡಾಗದ ಕತ್ತಿಗಳು

ನನ್ನ ಬಳಿ 19 ಕತ್ತಿಗಳಿವೆ. ಸೌತೆಕಾಯಿ ಹೆಚ್ಚಲು ಬರುವುದಿಲ್ಲ.

ಈ ಎರಡು ಮಾತಿಗೆ ಗಂಟು ಹಾಕಿದ್ದು ನಾನಲ್ಲ, ನನ್ನ ಹೆಂಡತಿ. ಮನೆಗೆ ಬಂದವರಿಗೆ ನಾನು ಮೊದಲನೆಯದನ್ನು ಹೇಳಿ ಬೀರುವಿನ ಬೀಗದ ಕೈ ಹುಡುಕುವಷ್ಟರಲ್ಲಿ ಎರಡನೆಯದು ಕಾಫಿಯ ಜೊತೆಗೇ ಒಳಗಿನಿಂದ ಬಂದಿರುತ್ತದೆ. ಬಂದವರು ನಗುತ್ತಾರೆ. ನಾನೂ ನಗುತ್ತೇನೆ. ಕಾಫಿ ಇನ್ನೂ ಅವಳ ಕೈಯಲ್ಲೇ ಇರುತ್ತದಲ್ಲ.

ನಿವೃತ್ತನಾದ ಗಂಡಸಿಗೆ ಒಂದು ಹುಚ್ಚು ಇರಲೇಬೇಕು, ಇಲ್ಲದಿದ್ದರೆ ಅವನು ಅಡುಗೆಮನೆಗೆ ನುಗ್ಗಿ ಡಬ್ಬಿಗಳಿಗೆ ಚೀಟಿ ಅಂಟಿಸತೊಡಗುತ್ತಾನೆ ಎಂಬುದು ಶಿವಮೊಗ್ಗದ ನಮ್ಮ ಬೀದಿಯ ಹೆಂಗಸರ ಒಮ್ಮತದ ಅಭಿಪ್ರಾಯ. ಎದುರುಮನೆಯವರು ಬೋನ್ಸಾಯ್ ಹಿಡಿದರು. ಪಕ್ಕದವರು ಹೋಮಿಯೋಪತಿ ಹಿಡಿದರು, ಈಗ ಅವರನ್ನು ಕಂಡರೆ ನಾವೆಲ್ಲ ಆರೋಗ್ಯವಾಗಿದ್ದೇವೆ ಎಂದು ಮೊದಲೇ ಹೇಳಿಬಿಡುತ್ತೇವೆ. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿಕೊಂಡಿದ್ದವನು. ಸೀಮೆಸುಣ್ಣಕ್ಕಿಂತ ಗಟ್ಟಿಯಾದದ್ದನ್ನು ಹಿಡಿದ ಕೈಯಲ್ಲ ನನ್ನದು. ಇಂಥವನಿಗೆ ಕತ್ತಿಯ ಹುಚ್ಚು ಹತ್ತಿದ್ದು ಅಮೆರಿಕದಿಂದ ಬಂದ ತಂಗಿಯ ಮಗ ನಮ್ಮ ಮನೆಯಲ್ಲಿ ಒಂದು ಪತ್ರಿಕೆ ಬಿಟ್ಟುಹೋದ ಕಾರಣಕ್ಕೆ. ಅದರ ತುಂಬ ಚಾಕುಗಳ ಚಿತ್ರಗಳು. ನಮ್ಮ ಪತ್ರಿಕೆಗಳಲ್ಲಿ ಸಿನಿಮಾ ನಟಿಯರನ್ನು ಹೇಗೆ ಅಚ್ಚು ಹಾಕುತ್ತಾರೋ ಹಾಗೆ, ಮಂದ ಬೆಳಕಿನಲ್ಲಿ, ಪಕ್ಕಕ್ಕೆ ವಾಲಿಸಿ.

ಅದರಿಂದ ನಾನು ಕಲಿತ ಮೊದಲ ಪಾಠ ಇದು: ಲೋಕದ ಚಾಕುಗಳಲ್ಲಿ ಎರಡೇ ಜಾತಿ, ಮಡಚುವುದು ಮತ್ತು ಮಡಚದ್ದು. ಮಡಚುವ ಚಾಕು ಎಷ್ಟೇ ಚೆಂದವಿದ್ದರೂ ನಡುವೆ ಒಂದು ಕೀಲು ಇರುತ್ತದೆ, ಕೀಲಿದ್ದಲ್ಲಿ ಇವತ್ತಲ್ಲ ನಾಳೆ ಸಡಿಲು ಬರುತ್ತದೆ. ಮಂಡಿನೋವಿನ ನನಗೆ ಈ ವಾದ ಕೂಡಲೇ ಒಪ್ಪಿಗೆಯಾಯಿತು. ಮಡಚದ ಕತ್ತಿಯಲ್ಲಿ ಅಲಗೇ ಬಾಲವಾಗಿ ಹಿಡಿಯೊಳಗೆ ಇಳಿದಿರುತ್ತದೆ. ತುದಿಯಿಂದ ಬುಡದವರೆಗೆ ಒಂದೇ ಕಬ್ಬಿಣ. ಇದನ್ನು ಹೆಂಡತಿಗೆ ವಿವರಿಸಿದೆ.

“ಅಂದ್ರೆ ಮಡಚಿಡೋಕೆ ಬರೋದೇ ಇಲ್ಲ. ನಿಮ್ಮ ಹೊದಿಕೆ ಹಾಗೆ” ಅಂದಳು.

ಎರಡನೆಯ ಪಾಠ ದುಡ್ಡಿನದು. ಅಮೆರಿಕದಲ್ಲಿ ಬಾಬ್ ಲವ್‌ಲೆಸ್ ಎಂಬ ಮಹಾನುಭಾವರಿದ್ದರು, 2010ರಲ್ಲಿ ತೀರಿಕೊಂಡರು. ಅವರು ಕೈಯಾರೆ ಮಾಡಿದ ಒಂದು ಬೇಟೆಚಾಕು ಇವತ್ತು ಸಾವಿರಾರು ಡಾಲರಿಗೆ ಕೈ ಬದಲಿಸುತ್ತದೆ. ಹೆಸರು ಕೇಳಿದ ಹೆಂಡತಿ, “ಹೆಸರಲ್ಲೇ ಹೇಳಿದ್ದಾರಲ್ಲ, ಪ್ರೀತಿ ಇಲ್ಲ ಅಂತ. ಬಿಟ್ಟುಬಿಡಿ” ಎಂದಳು. ನನ್ನ ಪಿಂಚಣಿಯೂ ಅದನ್ನೇ ಹೇಳಿತು. ಆಗ ನನಗೆ ಅಭಿರುಚಿ ಹುಟ್ಟಿತು. ದುಡ್ಡು ಸಾಲದೆ ಹೋದಾಗ ಹುಟ್ಟುವುದಕ್ಕೇ ಅಭಿರುಚಿ ಎನ್ನುತ್ತಾರೆ ಎಂಬುದು ನನ್ನ ಅನುಮಾನ. ಹೆಸರಾಂತವರ ಕತ್ತಿಯನ್ನು ಯಾರು ಬೇಕಾದರೂ ಕೊಳ್ಳಬಹುದು, ಹೆಸರೇ ಕೇಳದವರ ಕುಲುಮೆಯಿಂದ ಒಳ್ಳೆಯದನ್ನು ಹೆಕ್ಕುವವನೇ ನಿಜವಾದ ರಸಿಕ ಎಂದು ತೀರ್ಮಾನಿಸಿ, ಒಂದು ಹಳೆಯ ಲೆಜರ್ ಪುಸ್ತಕದಲ್ಲಿ ನನ್ನ ಷರತ್ತುಗಳನ್ನು ಬರೆದೆ. ಕೈಯಿಂದಲೇ ಬಡಿದಿರಬೇಕು. ಮಡಚಬಾರದು. 1,000 ರೂಪಾಯಿ ದಾಟಬಾರದು. ಮಾಡಿದವರ ಹೆಸರನ್ನು ಪಕ್ಕದ ಊರಿನವರೂ ಕೇಳಿರಬಾರದು.

“ಕೊನೇ ಷರತ್ತಿಗೆ ನೀವೇ ಸಾಕು” ಎಂದಳು. ಎಡಗೈಯಲ್ಲಿ ಸೌಟು ಹಿಡಿದು ನನ್ನ ಭುಜದ ಮೇಲಿಂದ ಓದುತ್ತಿದ್ದಳು.

ನಮ್ಮ ಮಲೆನಾಡು ಈ ಹುಚ್ಚಿಗೆ ಹೇಳಿ ಮಾಡಿಸಿದ ಜಾಗ. ಇಲ್ಲಿ ಕೆಲಸಕ್ಕೊಂದು ಕತ್ತಿ. ಸೊಪ್ಪು ಸವರಲು ಒಂದು, ಕಾಯಿ ಕೀಳಲು ಒಂದು, ಹಸಿ ಅಡಿಕೆ ಸುಲಿಯಲು ಕಾಲಲ್ಲಿ ಒತ್ತಿ ಹಿಡಿಯುವ ಮೆಟ್ಟುಗತ್ತಿ, ತೋಟಕ್ಕೆ ಹೋಗುವವನ ಸೊಂಟದ ಹಿಂದೆ ಮರದ ಕೊಕ್ಕೆಯಲ್ಲಿ ನೇತಾಡುವ ಬಾಗು ಮೂತಿಯ ಕತ್ತಿ. ಆ ಕೊಕ್ಕೆಯ ಕತ್ತಿ ಇದೆಯಲ್ಲ, ಅದು ನಡೆಯುವವನ ಹೆಜ್ಜೆಗೆ ಸರಿಯಾಗಿ ಟಕ್ ಟಕ್ ಎನ್ನುತ್ತದೆ. ನಾನೂ ಒಂದು ಕೊಕ್ಕೆ ಕೊಂಡು ಕತ್ತಿ ಸಿಕ್ಕಿಸಿಕೊಂಡು ಹಿತ್ತಲಲ್ಲಿ ನಡೆದು ನೋಡಿದೆ. ಟಕ್ ಅನ್ನಲಿಲ್ಲ, ಪಂಚೆ ಕಳಚಿತು.

ಆರಿಸುವ ಶಾಸ್ತ್ರವನ್ನು ನಾನು ಪತ್ರಿಕೆಯಿಂದಲೇ ಕಲಿತಿದ್ದೆ. ಒಂದು ಕಣ್ಣು ಮುಚ್ಚಿ ಕತ್ತಿಯ ಬೆನ್ನನ್ನು ದಿಟ್ಟಿಸಬೇಕು, ಸೊಟ್ಟ ಇದ್ದರೆ ಅಲ್ಲೇ ಕಾಣುತ್ತದೆ. ಬೆರಳಿಂದ ಮೀಟಬೇಕು, ಒಳಗೆ ಬಿರುಕಿದ್ದರೆ ನಾದ ಸತ್ತಿರುತ್ತದೆ. ಬಾಯಿಯ ಮೇಲೆ ಅರ ಎಳೆಯಬೇಕು. ಹದ ಕೂತಿದ್ದರೆ ಅರ ಕಚ್ಚದೆ ಜಾರುತ್ತದೆ, ಹಸಿಯಿದ್ದರೆ ಕಚ್ಚುತ್ತದೆ. ಆಮೇಲೆ ಹಿಡಿ ಮತ್ತು ಅಲಗು ಸೇರುವಲ್ಲಿ ಬೆರಳಿನ ಮೇಲೆ ನಿಲ್ಲಿಸಿ ತೂಕ ನೋಡಬೇಕು. ನಾನು ಸಂತೆಯಲ್ಲಿ ಇದೆಲ್ಲವನ್ನೂ ಕ್ರಮವಾಗಿ ಮಾಡುತ್ತಿದ್ದಾಗ ಸುತ್ತ ಜನ ಸೇರಿದರು, ಹಾವಾಡಿಗ ಬಂದಿದ್ದಾನೆ ಎಂಬಂತೆ. ಅಷ್ಟರಲ್ಲಿ ಒಬ್ಬ ಮುದುಕಿ ನನ್ನನ್ನು ಪಕ್ಕಕ್ಕೆ ಸರಿಸಿ, ರಾಶಿಯಿಂದ ಒಂದು ಎತ್ತಿ, ಬಾಯಿಯನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿ, “ಇದು ಕಚ್ತದೆ” ಎಂದು ದುಡ್ಡು ಎಣಿಸಿ ಹೋದಳು. ನಾನು ಇನ್ನೂ ಬೆನ್ನು ನೋಡುತ್ತಿದ್ದೆ. ಅವಳು ಎತ್ತಿದ್ದೇ ಒಳ್ಳೆಯದಿತ್ತು ಎಂದು ಆಮೇಲೆ ತಿಳಿಯಿತು. ಉಳಿದವುಗಳಲ್ಲಿ ಅರ ಕಚ್ಚಿತು.

ಸಂತೆ ಬಿಟ್ಟು ಕುಲುಮೆಗಳನ್ನೇ ಹುಡುಕಿಕೊಂಡು ಹೊರಟೆ. ತೀರ್ಥಹಳ್ಳಿಯ ಆಚೆ ಒಂದು ಊರಲ್ಲಿ ನನಗೆ ಬೇಕಾದವರು ಸಿಕ್ಕರು. ಊರವರಿಗೆ ಅವರು ಬರೀ ಆಚಾರ್ರು. ಅದಕ್ಕಿಂತ ಹೆಚ್ಚಿನ ಹೆಸರು ಯಾರೂ ಬಳಸುವುದಿಲ್ಲ. ನನ್ನ ನಾಲ್ಕನೆಯ ಷರತ್ತು ಅಲ್ಲೇ ನೂರಕ್ಕೆ ನೂರು ಈಡೇರಿತು. ಹಳೆಯ ಚರ್ಮದ ತಿದಿ ಗೋಡೆಗೆ ಒರಗಿ ವಿಶ್ರಾಂತಿ ಪಡೆಯುತ್ತಿತ್ತು. ಅದರ ಜಾಗದಲ್ಲಿ ಈಗ ಕೈಯಲ್ಲಿ ತಿರುಗಿಸುವ ಗಾಳಿಚಕ್ರ. ನನ್ನ ಪತ್ರಿಕಾಜ್ಞಾನವೆಲ್ಲ ಅಲ್ಲಿ ಪರೀಕ್ಷೆಗೆ ಕೂತಿತು.

“ಇದು ಯಾವ ಉಕ್ಕು?”

“ಲಾರೀದು.”

“ಅಲ್ಲ, ಯಾವ ಗ್ರೇಡು?”

ಅವರು ಸ್ವಲ್ಪ ಯೋಚಿಸಿದರು. “ಹಿಂದಿನ ಗಾಲೀದು.”

“ಹಾರ್ಡ್‌ನೆಸ್ ಎಷ್ಟು ಬರುತ್ತೆ?”

“350.”

ನಾನು ದಂಗಾದೆ. ಪತ್ರಿಕೆಯ ಪ್ರಕಾರ ರಾಕ್‌ವೆಲ್ ಎಂಬ ಅಳತೆಯಲ್ಲಿ ಒಳ್ಳೊಳ್ಳೆಯ ಚಾಕುಗಳೇ 60ರ ಆಸುಪಾಸಿನಲ್ಲಿ ನಿಲ್ಲುತ್ತವೆ. “350ಆ?” ಎಂದೆ. “ಆಯ್ತು, 320 ಕೊಡಿ” ಎಂದರು.

ನಗುವ ವಿಷಯವಲ್ಲ, ಲಾರಿಯ ಸ್ಪ್ರಿಂಗ್ ಪಟ್ಟೆ ಒಳ್ಳೆಯ ಉಕ್ಕು. ನೂರಕ್ಕೆ ಅರ್ಧದಿಂದ ಮುಕ್ಕಾಲು ಪಾಲಿನೊಳಗೆ ಇಂಗಾಲ ಇರುತ್ತದೆ. ವರ್ಷಗಟ್ಟಲೆ ಆಗುಂಬೆ ಘಾಟಿಯ ಹೊಂಡ ತಿಂದು ಬಳುಕಿಯೂ ಮುರಿಯದೆ ಬಂದ ಕಬ್ಬಿಣಕ್ಕೆ ಬೇರೆ ಪ್ರಮಾಣಪತ್ರ ಯಾಕೆ. ಆಚಾರ್ರು ಅದನ್ನು ಕಾಯಿಸಿ, ಬಡಿದು, ಮತ್ತೆ ಕಾಯಿಸಿ ಮಾಗಿದ ಕಿತ್ತಳೆಯ ಬಣ್ಣಕ್ಕೆ ತಂದಾಗ ನಾನು ಜೇಬಿನಿಂದ ಆಯಸ್ಕಾಂತ ತೆಗೆದೆ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣಕ್ಕೆ ಆಯಸ್ಕಾಂತ ಅಂಟುವುದಿಲ್ಲ, ಹದ ಹಾಕುವ ಹೊತ್ತು ಹತ್ತಿರ ಬಂತು ಎಂದು ತಿಳಿಯಲು ಅದೇ ಗುರುತು ಎಂದು ಓದಿದ್ದೆ. ಆಚಾರ್ರು ಆಯಸ್ಕಾಂತ ನೋಡಿದರು, ನನ್ನ ಮುಖ ನೋಡಿದರು, “ಮಕ್ಕಳಿಗೆ ಕೊಡಿ, ಆಡ್ತಾವೆ” ಎಂದು ಬಾಯಿಯಷ್ಟನ್ನೇ ನೀರಿಗೆ ತೋರಿಸಿದರು. ಸೊಂಯ್ ಎಂದಿತು. ಹೊರತೆಗೆದು ಒಂದಿಷ್ಟು ತಿಕ್ಕಿ ಬೆಳಕಿಗೆ ಹಿಡಿದರು. ಬೆನ್ನಲ್ಲಿ ಉಳಿದಿದ್ದ ಕಾವು ನಿಧಾನಕ್ಕೆ ಬಾಯಿಯ ಕಡೆ ಹರಿದಂತೆ ಬಣ್ಣಗಳು ನಡೆದುಬಂದವು. ಮೊದಲು ಒಣಹುಲ್ಲಿನ ಬಣ್ಣ, ಹಿಂದೆಯೇ ಕಂದು, ನೇರಳೆ, ನೀಲಿ. ಹುಲ್ಲಿನ ಬಣ್ಣ ಬಾಯಿಗೆ ಮುಟ್ಟಿತೋ ಇಲ್ಲವೋ, ಮತ್ತೆ ನೀರು. ನೀಲಿಗೆ ಬಿಟ್ಟಿದ್ದರೆ ಬಾಯಿ ಮೆತ್ತಗಾಗುತ್ತಿತ್ತು, ಬಣ್ಣ ಬರುವ ಮೊದಲೇ ನಿಲ್ಲಿಸಿದ್ದರೆ ಗಾಜಿನಂತೆ ಚಕ್ಕೆ ಏಳುತ್ತಿತ್ತು. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಇದೆಲ್ಲ ಮುಗಿದಿತ್ತು. ಇನ್ನೊಮ್ಮೆ ಮಾಡಿ ತೋರಿಸಿ ಎಂದು ಕೇಳುವ ಧೈರ್ಯ ಬರಲಿಲ್ಲ.

ಹಿಡಿ ಹಾಕುವುದನ್ನೂ ನೋಡಿದೆ. ಬಾಲವನ್ನು ಕೆಂಪಗೆ ಕಾಯಿಸಿ ಹಲಸಿನ ಮರದ ತುಂಡಿಗೆ ಇಳಿಸಿದರು, ಮರ ಹೊಗೆ ಬಿಡುತ್ತ ತಾನಾಗಿ ದಾರಿ ಕೊಟ್ಟಿತು. ಕೊರಳಿಗೆ ಹಿತ್ತಾಳೆಯ ಬಳೆ. ಕೊನೆಗೆ ಸಾಣೆ, ಅದೂ ಒಂದೇ ಮಗ್ಗುಲಿಗೆ. ಉಳಿಯ ಹಾಗೆ ಒಂದು ಕಡೆ ಚಪ್ಪಟೆ, ಒಂದು ಕಡೆ ಇಳಿಜಾರು.

ಎಲ್ಲ ಮುಗಿದ ಮೇಲೆ ನಾನು ಸಂಗ್ರಾಹಕರ ದೊಡ್ಡ ಪ್ರಶ್ನೆ ಕೇಳಿದೆ. “ನಿಮ್ಮ ಹೆಸರಿನ ಗುರುತು ಎಲ್ಲಿ ಹಾಕ್ತೀರಿ?” ಹೆಸರಿಲ್ಲದವರ ಕತ್ತಿ ಬೇಕೆಂದು ಹೊರಟವನು ಹೆಸರು ಕೇಳುವುದು ವಿಚಿತ್ರ, ಒಪ್ಪುತ್ತೇನೆ. ಆದರೆ ಗುರುತಿಲ್ಲದ ಕತ್ತಿ ನನ್ನ ಲೆಜರಿನಲ್ಲಿ ಯಾರ ಖಾತೆಗೆ ಹೋಗಬೇಕು?

ಆಚಾರ್ರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನಂದ್ಯಾಕೆ? ಕಳೆದ್ರೆ ಹುಡುಕ್ಕೊಂಡ್ ಬರೋರು ನೀವು” ಎಂದು ನನ್ನ ಇನಿಷಿಯಲ್ ಕೇಳಿ, ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರನ್ನೇ ಕೊರೆದುಕೊಟ್ಟರು. ನಮ್ಮ ಮನೆಯ ಚೊಂಬು, ತಟ್ಟೆ, ಕೊಳಗಗಳ ಮೇಲೆಲ್ಲ ಇರುವುದು ಉಡುಗೊರೆ ಕೊಟ್ಟ ಅತ್ತೆ, ಸೋದರಮಾವಂದಿರ ಹೆಸರುಗಳು, ಪಾತ್ರೆ ಮಾಡಿದವನದಲ್ಲ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಹೀಗಾಗಿ ನನ್ನ ಸಂಗ್ರಹದ ಅತ್ಯುತ್ತಮ ತುಣುಕುಗಳ ಕರ್ತೃ ಯಾರು ಎಂದು ನೋಡಿದರೆ, ಏಳರ ಮೇಲೆ ನಾನೇ.

ಬಸ್ಸಿನ ಕತೆ ಚಿಕ್ಕದು. ದಿನಪತ್ರಿಕೆಯಲ್ಲಿ ಸುತ್ತಿದ್ದ ಕತ್ತಿಯ ಮೂತಿ ಮೊದಲ ತಿರುವಿನಲ್ಲೇ ಹೊರಬಂತು. ಪಕ್ಕದವರು ಎದ್ದು ಹೋದರು. ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ಮೂರು ಜನರ ಸೀಟಿನಲ್ಲಿ ಒಬ್ಬನೇ ಕೂತು ಬಂದೆ. ಆಮೇಲಿನ ಪ್ರಯಾಣಗಳಲ್ಲೂ ಇದೇ ಸೌಲಭ್ಯ ಸಿಕ್ಕಿತು.

ಮನೆಗೆ ತಂದ ಮೇಲೆ ಅಡಗಿಸುವ ಕೆಲಸ. ನಾನು ಒಪ್ಪಿಕೊಂಡ ಲೆಕ್ಕ ಏಳು. ಉಳಿದವು ಅಕ್ಕಿಡ್ರಮ್ಮಿನ ಹಿಂದೆ, ಲೆಕ್ಕಶಾಸ್ತ್ರದ ಪುಸ್ತಕಗಳ ನಡುವೆ, ಹಾಳಾದ ಟೇಪ್‌ರೆಕಾರ್ಡರಿನ ಪೆಟ್ಟಿಗೆಯಲ್ಲಿ. ತೊಂದರೆ ಏನೆಂದರೆ ಇದು ಸ್ಟೇನ್‌ಲೆಸ್ ಅಲ್ಲ. ಸ್ಟೇನ್‌ಲೆಸ್ ಎನಿಸಿಕೊಳ್ಳಲು ನೂರಕ್ಕೆ ಹತ್ತೂವರೆ ಪಾಲಾದರೂ ಕ್ರೋಮಿಯಂ ಬೇಕು. ಲಾರಿ ಪಟ್ಟೆಯಲ್ಲಿ ಅಷ್ಟೆಲ್ಲಿ ಬರಬೇಕು. ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು. ವಾರಕ್ಕೊಮ್ಮೆ ಎಲ್ಲವನ್ನೂ ತೆಗೆದು ಕೊಬ್ಬರಿಎಣ್ಣೆ ಹಚ್ಚಬೇಕು. ಹಾಗಾಗಿ ನನ್ನ ಗುಟ್ಟು ರಟ್ಟಾಗಿದ್ದು ಕತ್ತಿಯಿಂದಲ್ಲ, ಎಣ್ಣೆಯಿಂದ. “ತಲೆಯಲ್ಲಿ ನಾಲ್ಕು ಕೂದಲಿಲ್ಲ, ತಿಂಗಳಿಗೆ ಒಂದು ಲೀಟರ್ ಎಣ್ಣೆ ಎಲ್ಲಿಗೆ ಹಚ್ತೀರಿ?” ಎಂದು ಒಂದು ದಿನ ಕೇಳಿದಳು. ಉತ್ತರಕ್ಕಾಗಿ ನಾನು ಇತಿಹಾಸದ ಮೊರೆಹೋದೆ.

“ನೋಡು, ಕಬ್ಬಿಣ ಅಂದರೆ ಸಾಮಾನ್ಯ ವಿಷಯ ಅಲ್ಲ. ಒಂದು ಕಾಲದಲ್ಲಿ ನಮ್ಮ ದಕ್ಷಿಣದ ಉಕ್ಕಿಗೆ ಲೋಕವೇ ಬಾಯಿ ಬಿಡ್ತಿತ್ತು. ಇಲ್ಲಿಂದ ಹೋದ ತುಣುಕುಗಳನ್ನ ಪರೀಕ್ಷೆ ಮಾಡಿ ಜಾರ್ಜ್ ಪಿಯರ್ಸನ್ ಅನ್ನೋನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಅದಕ್ಕೆ ಅವರು ಇಟ್ಟ ಹೆಸರು ವೂಟ್ಸ್. ಅದು ನಮ್ಮ ಕನ್ನಡದ ‘ಉಕ್ಕು’ ಅನ್ನೋ ಮಾತೇ ಅವರ ಬಾಯಲ್ಲಿ ಕೆಟ್ಟಿದ್ದು ಅಂತ ವಿದ್ವಾಂಸರು ಹೇಳ್ತಾರೆ. ನೂರಕ್ಕೆ ಒಂದೂವರೆ ಪಾಲು ಇಂಗಾಲ! ಆ ಮೈಕೆಲ್ ಫ್ಯಾರಡೆ, ಅವನೂ ಕಮ್ಮಾರನ ಮಗನೇ, 1819ರಲ್ಲಿ ಇದರ ಗುಟ್ಟು ಬಿಡಿಸೋಕೆ ಕೂತಿದ್ದ. ಉಕ್ಕು ಅಂದರೆ...”

“ಉಕ್ಕಿತು!” ಎಂದು ಅವಳು ಓಡಿದಳು.

ಅರ್ಧ ಲೀಟರ್ ಹಾಲು ಒಲೆಯ ಮೇಲೆಲ್ಲ ಹರಿದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಹಾಲಿಟ್ಟಾಗ ಇತಿಹಾಸ ನಿಷಿದ್ಧ.

ಲೆಕ್ಕ ಪೂರ್ತಿ ಬಯಲಾಗಿದ್ದು ಆಯುಧಪೂಜೆಯ ದಿನ. ಮಹಾನವಮಿಯ ಬೆಳಿಗ್ಗೆ ಅವಳು ಜಗುಲಿಯಲ್ಲಿ ಮಣೆ ಹಾಕಿ, ಈಳಿಗೆಮಣೆ, ಸ್ಕ್ರೂಡ್ರೈವರ್, ಹೊಲಿಗೆ ಯಂತ್ರದ ಕತ್ತರಿ, ನನ್ನ ಸ್ಕೂಟರಿನ ಕೀಲಿ ಎಲ್ಲ ಜೋಡಿಸಿ, “ನಿಮ್ಮವೂ ತನ್ನಿ” ಎಂದಳು. ಏಳು ತಂದೆ. ಅವಳು ಕುಂಕುಮದ ಬಟ್ಟಲು ಕೆಳಗಿಟ್ಟಳು. “ಪೂಜೆ ಸಿಗದ ಆಯುಧ ಮನೇಲಿದ್ರೆ ಮನೆಯವರಿಗೇ ತಿರುಗುತ್ತೆ ಅಂತಿದ್ದರು ನಮ್ಮಜ್ಜಿ” ಎಂದು ಯಾರಿಗೂ ಅಲ್ಲ ಎಂಬಂತೆ ಹೇಳಿದಳು. ವಾಣಿಜ್ಯಶಾಸ್ತ್ರ ಓದಿದವನಿಗೆ ಮೂಢನಂಬಿಕೆ ಇರಬಾರದು. ಐದು ನಿಮಿಷದಲ್ಲಿ ಅಕ್ಕಿಡ್ರಮ್ಮಿನ ಹಿಂದಿನಿಂದ ನಾಲ್ಕು, ಪುಸ್ತಕಗಳ ನಡುವಿನಿಂದ ಐದು, ಟೇಪ್‌ರೆಕಾರ್ಡರಿನಿಂದ ಎರಡು ತಾವಾಗಿಯೇ ಮಣೆ ಸೇರಿದವು. ಇಷ್ಟು ವರ್ಷ ಆಡಿಟಿಂಗ್ ಪಾಠ ಹೇಳಿದ್ದೆ, ಇಂಥ ಆಡಿಟ್ ನೋಡಿರಲಿಲ್ಲ.

“18” ಎಂದು ಎಣಿಸಿದಳು. “ಇನ್ನೊಂದು?”

ಇನ್ನೊಂದು ಇದೆ ಎಂದು ಇವಳಿಗೆ ಹೇಗೆ ಗೊತ್ತು? ಅದು ಮಡಿಕೇರಿಯಿಂದ ತಂದ ಪೀಚೆಕತ್ತಿ. ಕೊಡವರು ಕಪ್ಪು ನಿಲುವಂಗಿ ಕುಪ್ಯದ ಮೇಲೆ ಕೆಂಪು ನಡುಕಟ್ಟು ಚೇಲೆ ಬಿಗಿದು ಮುಂದೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಪುಟ್ಟ ಕತ್ತಿ. ಬೆನ್ನ ಹಿಂದೆ ತೊಡಂಗಿನಲ್ಲಿ ಸಿಕ್ಕಿಸುವ ಒಡಿಕತ್ತಿಯ ಗತ್ತೇ ಬೇರೆ. ಅಗಲ ಮೈ, ಮುಂದಕ್ಕೆ ಬಾಗಿದ ಭಾರ. ಮದುವೆಯಲ್ಲಿ ಬಾಳೆಯ ಕಂಬವನ್ನು ಒಂದೇ ಏಟಿಗೆ ತುಂಡರಿಸುವುದು ಅದರಲ್ಲೇ. ಅದನ್ನು ಕೇಳುವ ಯೋಗ್ಯತೆ ನನ್ನ ತೋಳಿಗೂ ಇರಲಿಲ್ಲ, ಜೇಬಿಗೂ. ಪೀಚೆಕತ್ತಿಯೇ ನನ್ನ ಮೂರನೆಯ ಷರತ್ತನ್ನು ನಾಲ್ಕು ಪಟ್ಟು ಮುರಿದಿತ್ತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಸ್ನೇಹಿತರ ಮನೆಗೆ ಊಟಕ್ಕೆ ಹೋದವನು ಆಯುಧಗಳಿಗೆ ಹೂವಿಟ್ಟಿದ್ದನ್ನು ನೋಡಿ ಮೈಮರೆತು ಮಾಡಿದ ತಪ್ಪು. ರಸೀತಿಯನ್ನು ಪ್ಯಾಂಟಿನ ಜೇಬಿನಲ್ಲಿ ಬಿಟ್ಟಿದ್ದು ಎರಡನೆಯ ತಪ್ಪು. ಅವಳಿಗೆ ಗೊತ್ತಾಗಿದ್ದು ಬಟ್ಟೆ ಒಗೆಯುವಾಗ.

ಪೂಜೆಗೆ ಕರೆದಿದ್ದ ಹಿಂದಿನ ಬೀದಿಯ ನಿವೃತ್ತ ಪೊಲೀಸ್ ಅಧಿಕಾರಿಯವರು ಕೋಸಂಬರಿ ತಿನ್ನುತ್ತ ಮಣೆಯ ಕಡೆ ನೋಡಿ, “ಒಂಬತ್ತು ಇಂಚಿಗಿಂತ ಉದ್ದ, ಇಲ್ಲಾ ಎರಡು ಇಂಚಿಗಿಂತ ಅಗಲ ಇದ್ದರೆ ಶಸ್ತ್ರಾಸ್ತ್ರ ನಿಯಮದಲ್ಲಿ ಅದು ಆಯುಧವೇ ಸಾರ್” ಎಂದರು. ನನ್ನ ಗಂಟಲಲ್ಲಿ ಹೆಸರುಬೇಳೆ ನಿಂತಿತು. ಅವರು ನಿಧಾನವಾಗಿ ಮುಗಿಸಿದರು: “ಮನೆಬಳಕೆಗೆ, ಬೇಸಾಯಕ್ಕೆ ಅಂತ ಮಾಡಿದ್ದನ್ನ ಬಿಟ್ಟು.”

“ಮನೆಬಳಕೆ” ಎಂದು ಹೆಂಡತಿ ಮೆಲ್ಲಗೆ ಪುನರುಚ್ಚರಿಸಿದಳು. ಆ ಮಾತನ್ನು ಅವಳು ಎಲ್ಲೋ ಜೋಪಾನವಾಗಿ ಎತ್ತಿಟ್ಟುಕೊಂಡಳು ಎಂದು ನನಗೆ ಅನಿಸಿತು.

ದೀಪಾವಳಿಯ ಹೊತ್ತಿಗೆ 20ನೆಯದಕ್ಕಾಗಿ ಆಚಾರ್ರಲ್ಲಿಗೆ ಹೋದೆ. ಅವರು ಸುತ್ತಿಗೆ ಕೆಳಗಿಡಲಿಲ್ಲ. “ಇಲ್ಲ ಸಾರ್, ನಿಮಗೆ ಕೊಡಲ್ಲ” ಎಂದರು.

“ಯಾಕೆ?”

“ಏಳು ತಗಂಡು ಹೋದ್ರಿ. ಎರಡು ವರ್ಷ ಆಯ್ತು. ಒಂದಾದ್ರೂ ವಾಪಸ್ ಬಂತಾ?”

ವಾಪಸ್ ಬರದಿರುವುದು ಒಳ್ಳೆಯ ಮಾಲಿನ ಲಕ್ಷಣ ಎಂದು ನಾನು ಪಾಠ ಮಾಡಿದವನು. ಹಾಗೆಯೇ ಹೇಳಿದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಹದಕ್ಕೆ ಬಂದ ಹಳೆಯ ಕತ್ತಿಗಳ ಸಾಲು. ಸವೆದು ಸವೆದು ಅಮಾವಾಸ್ಯೆ ಹತ್ತಿರದ ಚಂದ್ರನಂತಾದವು. ಒಂದೊಂದನ್ನೂ ಮುಟ್ಟಿ, ಇದು ಅಪ್ಪ ಮಾಡಿದ್ದು, ಇದು ಹೋದ ವರ್ಷದ್ದು, ಇವರ ಮನೆ ಆಳು ಕಲ್ಲಿಗೆ ಹೊಡೀತಾನೆ, ಇವರದ್ದು ಕಾಯಿ ಒಡೆಯೋ ಕತ್ತಿ, ಬೆನ್ನು ನೋಡಿ ಎಂದು ಹೇಳಿದರು. “ನಿಮ್ಮ ಏಳು ಏನ್ ಮಾಡ್ತಾ ಇದ್ದಾವೆ?”

“ಎಣ್ಣೆ ಹಚ್ಚಿ ಇಟ್ಟಿದ್ದೀನಿ” ಎಂದೆ, ಹೆಮ್ಮೆಯಿಂದ.

ಅವರಿಗೆ ನಿಜಕ್ಕೂ ನೋವಾದ ಹಾಗೆ ಕಂಡಿತು. “ಒಂದು ಮೊಂಡಾಗಿ ಬರ್ಲಿ. ಆಮೇಲೆ ನೋಡುವ.”

ಲೋಕದಲ್ಲಿ ಕತ್ತಿಯನ್ನು ಹರಿತ ಮಾಡಲು ಕಷ್ಟಪಟ್ಟವರ ಕತೆಗಳಿವೆ. ಮೊಂಡು ಮಾಡಲು ಕಷ್ಟಪಟ್ಟವನು ನಾನೊಬ್ಬನೇ ಇರಬೇಕು. ಮೊದಲು ಕಲ್ಲಿಗೆ ಉಜ್ಜುವ ಯೋಚನೆ ಬಂತು. ಆದರೆ ಇವರ ಆಳು ಕಲ್ಲಿಗೆ ಹೊಡೆಯುತ್ತಾನೆ ಎಂದು ಬೆನ್ನು ನೋಡಿಯೇ ಹೇಳುವವರ ಮುಂದೆ ಆ ಆಟ ನಡೆಯುವುದಿಲ್ಲ. ಪ್ರಾಮಾಣಿಕವಾಗಿಯೇ ಸವೆಸಬೇಕು. ಒಂದು ಹಲಸಿನಹಣ್ಣು ತಂದೆ. ಹಿತ್ತಲಲ್ಲಿ ಚಾಪೆ ಹಾಸಿ, ಏಳರಲ್ಲಿ ಅತಿ ಚೆಲುವಾದ ಕತ್ತಿಯನ್ನು ಎತ್ತಿ, ಕಣ್ಣುಮುಚ್ಚಿ ಹೊಡೆದೆ. ಕತ್ತಿ ಅರ್ಧ ಇಳಿದು ನಿಂತಿತು. ಎಳೆದರೆ ಬರಲಿಲ್ಲ. ಹಣ್ಣನ್ನೇ ಎತ್ತಿ ನೆಲಕ್ಕೆ ಕುಟ್ಟಿದೆ. ಹಣ್ಣು ಉರುಳಿತು, ಕತ್ತಿಯೂ ಜೊತೆಗೆ ಉರುಳಿತು, ಬಿಡಿಸಲು ಹೋದ ನನ್ನ ಕೈಗೆ, ಕೈಯಿಂದ ಕನ್ನಡಕಕ್ಕೆ, ಕನ್ನಡಕದಿಂದ ಹುಬ್ಬಿಗೆ ಮೇಣ ಹತ್ತಿತು. ಕತ್ತಿಗೆ ಹಚ್ಚಲು ಅಷ್ಟು ಎಣ್ಣೆ ಖರ್ಚು ಮಾಡಿದವನಿಗೆ, ಹಲಸು ಕೊಯ್ಯುವ ಮೊದಲು ಕೈಗೂ ಅಲಗಿಗೂ ಅದೇ ಎಣ್ಣೆ ಸವರಬೇಕೆಂಬ, ಮಲೆನಾಡಿನ ಐದು ವರ್ಷದ ಮಕ್ಕಳಿಗೂ ತಿಳಿದ ಸಂಗತಿ ಹೊಳೆಯಲಿಲ್ಲ.

ಹುಬ್ಬು ಬಿಡಿಸಿಕೊಟ್ಟಿದ್ದು ಹೆಂಡತಿ. “ಕತ್ತಿ ಮೊಂಡಾಗಲಿಲ್ಲ, ಹುಬ್ಬು ಬೋಳಾಯ್ತು. ಕೊಡಿ ಇಲ್ಲಿ” ಎಂದಳು. ಆಮೇಲೆ ಆ ಎತ್ತಿಟ್ಟ ಮಾತನ್ನು ತೆಗೆದಳು: “ಮನೆಬಳಕೆ.”

ಹೀಗೆ ನನ್ನ ಲೆಜರಿನ ಆರನೆಯ ಕತ್ತಿ ಅಡುಗೆಮನೆಗೆ ವರ್ಗವಾಯಿತು. ಅವಳು ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯ ಮಗಳು, ನಡೆಯಲು ಕಲಿಯುವ ಮೊದಲೇ ಮೆಟ್ಟುಗತ್ತಿಯ ಪಕ್ಕ ಆಡಿದವಳು. ಆದರೂ ಒಂದು ಮಾತು ತಿಳಿಸಿರೋಣ ಎಂದು, “ಇದು ಒಂದೇ ಮಗ್ಗುಲಿಗೆ ಸಾಣೆ ಹಿಡಿದ ಕತ್ತಿ, ಅದರ ಗುಣ ಏನಂದ್ರೆ...” ಎಂದು ಆರಂಭಿಸಿದೆ. “ಅದರ ಗುಣ ನನಗೆ ಗೊತ್ತಿರೋಷ್ಟು ನಿಮಗೆ ಗೊತ್ತಿಲ್ಲ” ಎಂದಳು. ಮಾತಿನಲ್ಲಿ ಸ್ವಲ್ಪ ಖಾರ ಇತ್ತು. ಯಾಕೆಂದು ನಾನು ಕೇಳಲಿಲ್ಲ.

ಮೂರು ತಿಂಗಳು ಅದು ದುಡಿಯಿತು. ಬಾಳೆದಿಂಡು, ಬದನೆ, ಬಾಳೆಮೂತಿ, ಕೆಸುವಿನ ದಂಟು. ಎರಡನೆಯ ದಿನವೇ ನನ್ನ ಹೊಳೆಯುವ ಕತ್ತಿ ಕಪ್ಪುನೀಲಿಯಾಯಿತು, ಅದರ ಜೊತೆಗೆ ಹೆಚ್ಚಿದ ಬಾಳೆಮೂತಿಯೂ. ಚೊಗರು 
ಇರುವ ತರಕಾರಿಯೂ ಕಬ್ಬಿಣವೂ ಸೇರಿದರೆ ಮಸಿಯಾಗುತ್ತದೆ. ಹಿಂದಿನವರು ಅಣಲೆಕಾಯಿ ಮತ್ತು ಕಬ್ಬಿಣದಿಂದ ಬರೆಯುವ ಮಸಿ ಕಾಯಿಸುತ್ತಿದ್ದದ್ದೂ ಇದೇ ನಂಟಿನಿಂದ. ಹೇಳಬೇಕೆನಿಸಿತು, ಒಲೆಯ ಮೇಲೆ ಹಾಲಿತ್ತು, ಸುಮ್ಮನಾದೆ. ಅವಳು ಹೆಚ್ಚುವಾಗ ನಾನು ಪಕ್ಕದಲ್ಲೇ ಕೂತು ಅಲಗಿನ ಬಣ್ಣ ಬದಲಾಗುವುದನ್ನು ದಿನಾಂಕ ಹಾಕಿ ಲೆಜರಿನಲ್ಲಿ ಬರೆಯುತ್ತಿದ್ದೆ. ಮೊಂಡಾಯಿತೇ ಎಂದು ದಿನಾ ಕೇಳುತ್ತಿದ್ದೆ. “ಕತ್ತಿ ಇಲ್ಲ, ನೀವು ಆಗಿದ್ದೀರಿ” ಎನ್ನುತ್ತಿದ್ದಳು.

ಕೊನೆಗೊಂದು ದಿನ ಟೊಮೆಟೊ ಜಾರಿತು. ಅದೇ ಬಸ್ಸು ಹಿಡಿದೆ.

ಆಚಾರ್ರು ಕತ್ತಿಯನ್ನು ಎರಡೂ ಕೈಯಲ್ಲಿ ತಗೊಂಡರು. ಬಾಯಿ ನೋಡಿದರು. ಚಪ್ಪಟೆ ಮಗ್ಗುಲು ತಿರುಗಿಸಿ ಬೆರಳಾಡಿಸಿದರು. ಹಿಡಿಯನ್ನು ಬಾಗಿಲ ಬೆಳಕಿಗೆ ಹಿಡಿದರು. ಹಲಸಿನ ಮರದ ಮೇಲೆ ಬಾಳೆಯ ಕರೆ ಕೂತು ಹೆಬ್ಬೆರಳಿನ ಅಚ್ಚು ಕಪ್ಪಗೆ ಎದ್ದಿತ್ತು, ಬಲ ಮಗ್ಗುಲಲ್ಲಿ.

“ಇದನ್ನ ಸವೆಸಿದ್ದು ನೀವಲ್ಲ” ಎಂದರು.

“ಮನೆಯವರು” ಎಂದೆ.

“ಅಮ್ಮ ಎಡಚೆಯಾ?”

ನಾನು ಬಾಯಿ ತೆರೆದೆ, ಮುಚ್ಚಿದೆ. ಮದುವೆಯಾಗಿ 31 ವರ್ಷ. ಸೌಟು ಯಾವ ಕೈಯಲ್ಲಿರುತ್ತದೆ, ಕಾಫಿ ಲೋಟ ಯಾವ ಕೈಯಿಂದ ಬರುತ್ತದೆ, ಮದುವೆಯ ಹೊಸತರಲ್ಲಿ ಬಡಿಸುವಾಗ ನಮ್ಮ ಅಜ್ಜಿ ಯಾವ ಕೈಗೆ ಗದರುತ್ತಿದ್ದರು, ಎಲ್ಲ ಒಂದೊಂದಾಗಿ ಬಂದು ಸಾಲಾಗಿ ನಿಂತವು. “ಹೌದಿರಬೇಕು” ಎಂದೆ. ಇಂಥ ಉತ್ತರಕ್ಕೆ ನಾನೇ ವಿದ್ಯಾರ್ಥಿಗಳಿಗೆ ಸೊನ್ನೆ ಕೊಡುತ್ತಿದ್ದೆ.

“ಬಲಗೈಯವರ ಕತ್ತಿ ಎಡಗೈಲಿ ಹಿಡಿದ್ರೆ ಹೆಚ್ಚುವಾಗೆಲ್ಲ ಪಕ್ಕಕ್ಕೆ ಎಳೀತದೆ. ಅದನ್ನ ತಡಕೊಂಡು ನೆಟ್ಟಗೆ ಹೆಚ್ಚಿದ್ದಾರೆ. ಕೈ ಅಂದ್ರೆ ಅದು” ಎಂದು ಆಚಾರ್ರು ಗಾಳಿಚಕ್ರ ತಿರುಗಿಸಲು ನನಗೇ ಹೇಳಿ ಹೊಸ ಪಟ್ಟೆಯೊಂದನ್ನು ಕೆಂಡಕ್ಕೆ ಇಟ್ಟರು. ನಾನು ತಿರುಗಿಸಿದೆ. ಈ ಸಲ ಗ್ರೇಡು ಕೇಳಲಿಲ್ಲ. ಇಳಿಜಾರು ಎಡ ಮಗ್ಗುಲಿಗೆ ಬಂತು, ಚಪ್ಪಟೆ ಬಲಕ್ಕೆ. ಕೊನೆಗೆ ಚುಕ್ಕೆ ಕೊರೆಯುವ ಮೊಳೆ ಎತ್ತಿಕೊಂಡು “ಅಮ್ಮನ ಹೆಸರೇನು?” ಎಂದರು. ಅದಾದರೂ ಗೊತ್ತಿತ್ತು.

ಮನೆಗೆ ಬಂದು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟೆ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ, ಇನ್ನೂ ಜಾಸ್ತಿ ಬೇಡ ಎಂದು. ಅವಳು ತಿರುಗಿಸಿ ನೋಡಿದಳು, ಮಗ್ಗುಲು ನೋಡಿದಳು, ಹೆಸರು ನೋಡಿದಳು. ಏನೂ ಹೇಳಲಿಲ್ಲ. ಬುಟ್ಟಿಯಿಂದ ಒಂದು ಸೌತೆಕಾಯಿ ತೆಗೆದು ಹೆಚ್ಚತೊಡಗಿದಳು. ಬಿಲ್ಲೆಗಳು ಒಂದರ ಮೇಲೊಂದು ಬೀಳುತ್ತಿದ್ದವು, ಆಚೆ ಬದಿಯ ಗೋಡೆ ಕಾಣುವಷ್ಟು ತೆಳ್ಳಗೆ. ನಾನು ಲೆಜರ್ ತಂದು, “20” ಎಂದು ಬರೆಯಲು ಹೊರಟೆ.

“ನಿಮ್ಮದು 19ಏ” ಎಂದಳು.

ರಾತ್ರಿ ಅವಳು ಮಲಗಿದ ಮೇಲೆ ಎದ್ದು ಅಡುಗೆಮನೆಗೆ ಹೋದೆ. ಅಂಥ ಅಲಗನ್ನು ಒಮ್ಮೆ ಕೈಯಲ್ಲಿ ಹಿಡಿಯದೆ ನಿದ್ದೆ ಬರುವುದು ಹೇಗೆ. ಉಳಿದಿದ್ದ ಅರ್ಧ ಸೌತೆಕಾಯಿಯನ್ನು ಹಲಗೆಯ ಮೇಲಿಟ್ಟು, ಬಲಗೈಯಲ್ಲಿ ಕತ್ತಿ ಹಿಡಿದು, ಪತ್ರಿಕೆಯಲ್ಲಿ ಹೇಳಿದಂತೆ ಮಣಿಕಟ್ಟು ಸಡಿಲಬಿಟ್ಟು ಒತ್ತಿದೆ. ಕತ್ತಿ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಹೊರಟುಹೋಯಿತು. ಇನ್ನೊಮ್ಮೆ ಒತ್ತಿದೆ. ಮತ್ತೆ ಹೋಯಿತು. ನಾಲ್ಕು ತುಂಡು ತಿಂದು, ಉಳಿದದ್ದನ್ನು ಮುಚ್ಚಿಟ್ಟು ಬಂದು ಮಲಗಿದೆ.

ಬೆಳಿಗ್ಗೆ ಅವಳು ತಟ್ಟೆ ಹಿಡಿದು ಬಂದಳು. ಅದರಲ್ಲಿ ಒಂದು ತುಂಡು, ಒಂದು ಕಡೆ ಬೆರಳು ದಪ್ಪ, ಇನ್ನೊಂದು ಕಡೆ ಕಾಗದ. ಬಾಗಿಲಿಗೆ ಕೊಡುವ ಆಪಿನ ಹಾಗಿತ್ತು.

“ಮುಂದಿನ ಸಲ ಆಚಾರ್ರ ಹತ್ರ ಹೋದಾಗ ನಿಮಗೂ ಒಂದು ಮಾಡಿಸ್ಕೊಳ್ಳಿ” ಎಂದಳು. “ಎರಡೂ ಮಗ್ಗುಲು ಮೊಂಡಿರೋದು.”